ಮಾವನ ಫಾರಿನ್ ಸೈಕಲ್

ಊರಿನ ಮನೆಯ ಹಳೇ ಕೊಟ್ಟಿಗೆ ಕೆಡವುವಾಗ ನನ್ನ ಬಾಲ್ಯದ ಬಿಎಂಎಕ್ಸ್ ಸೈಕಲ್ಲಿನ ಫ್ರೇಮ್ ಸಿಕ್ಕಿತು. ಚಕ್ರ, ಹ್ಯಾಂಡಲ್ ಎಲ್ಲ ಎಂದೋ ಗುಜರಿಗೆ ಹೋಗಿವೆ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಕುಂದಾಪುರದಿಂದ ಪುಣೆಗೆ ತಂದೆ. ಮಗಳಿಗೆ ಹೊಸದಾಗಿ ಕಟ್ಟಿಸಿಕೊಡುವ ಆಸೆ. "ನಮ್ಮ ಫ್ಲ್ಯಾಟಿಗೆ ಇದೊಂದು ಬಾಕಿ ಇತ್ತು" ಅಂದಳು ಹೆಂಡತಿ.

ಮನೆಯಲ್ಲಿ ಆ ಸೈಕಲ್ಲಿನ ಕಥೆ ಒಂದೇ: ಕುವೈತಿನಲ್ಲಿದ್ದ ಸೋದರಮಾವ ನನಗಾಗಿ ತಂದ ಫಾರಿನ್ ಸೈಕಲ್. 1993ರ ಬೇಸಿಗೆ ರಜೆ, ನನಗೆ ಏಳು ವರ್ಷ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಇಡೀ ಕೇರಿಗೆ ತೋರಿಸಿಕೊಂಡು ಬಂದಿದ್ದೆ.

ಹಿಂಜೆವಾಡಿಯ ಆಫೀಸಿನಲ್ಲಿ ವಾರವಿಡೀ ಲಾಗ್ ಫೈಲ್ ಕೆದಕುವವನಿಗೆ ಶನಿವಾರ ಪಾಲಿಶ್ ಪೇಪರ್ ಹಿಡಿದು ಕೂರುವುದು ಖುಷಿಯ ಕೆಲಸವೇ. ಹಸಿರಿನ ಕೆಳಗೆ ಕಪ್ಪು ಬಂತು. ಕಪ್ಪಿನ ಕೆಳಗೆ ನೀಲಿ, ಆ ನೀಲಿಯ ತುಂಬ ಗೀರು. ಹೊಸ ಸೈಕಲ್ಲಿಗೆ ಮೂರು ಪದರ ಬಣ್ಣ ಯಾಕೆ? ಹರಿದ ಸ್ಟಿಕ್ಕರಿನಲ್ಲಿ ‘ಬರ್ನರ್’ ಎಂಬ ಅಕ್ಷರಗಳು ಉಳಿದಿದ್ದವು.

1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮೋಟೋಕ್ರಾಸ್ ಸವಾರರನ್ನು ನೋಡಿ ತಮ್ಮ ಷ್ವಿನ್ ಸ್ಟಿಂಗ್‌ರೇ ಸೈಕಲ್ಲುಗಳನ್ನು ಮಣ್ಣುದಿಬ್ಬಗಳ ಮೇಲೆ ಹಾರಿಸತೊಡಗಿದ್ದೇ ಬಿಎಂಎಕ್ಸ್‌ನ ಮೂಲ. ಆ ಹುಚ್ಚು ಇಂಗ್ಲೆಂಡಿಗೆ ದಾಟಿದ ಮೇಲೆ ರಾಲಿ ಕಂಪನಿ 1982ರಲ್ಲಿ ಬಿಟ್ಟ ಸೈಕಲ್ಲೇ ಬರ್ನರ್. ನಾನಾ ಪೇಟೆಯ ಮುದುಕ ಮೆಕ್ಯಾನಿಕ್ ಒಪ್ಪಲಿಲ್ಲ. "ಸೆನ್-ರಾಲಿ ಇರಬೇಕು, ಆಸನ್‌ಸೋಲ್ ಮಾಲು" ಅಂದ. ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಭಾಗ ಉಜ್ಜಿದಾಗ ನಂಬರ್ ಕಂಡಿತು. ಮೊದಲ ಅಕ್ಷರ ಎನ್, ಅಂದರೆ ನಾಟಿಂಗ್‌ಹ್ಯಾಮ್. ಅಕ್ಷರಗಳ ನಂತರದ ಮೊದಲ ಅಂಕಿ 4, ಅದು ಇಸವಿಯ ಕೊನೆಯ ಅಂಕಿ. 1974ಕ್ಕೆ ಬರ್ನರ್ ಹುಟ್ಟಿರಲಿಲ್ಲ. 1994ರ ಹೊತ್ತಿಗೆ ನಾನು ಇದರಿಂದ ಬಿದ್ದು ಮಂಡಿ ಕೆತ್ತಿಸಿಕೊಂಡಾಗಿತ್ತು. ಹಾಗಾಗಿ 1984. ನನಗಿಂತ ಎರಡು ವರ್ಷ ದೊಡ್ಡದು! ಅದನ್ನು ಮಾಡಿದ ಕಾರ್ಖಾನೆ 2002ರ ಕೊನೆಗೆ ಮುಚ್ಚಿತು. ರಾಲಿಯ ಹಳೇ ಜಾಗದಲ್ಲಿ ಈಗ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜ್ಯೂಬಿಲಿ ಕ್ಯಾಂಪಸ್ ಇದೆ.

ಸೈಕಲ್ಲಿನ ಲೆಕ್ಕ ಸರಿಹೋಯಿತು, ಮಾವನದ್ದು ಹೋಗಲಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದ ಮೇಲೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತಂದರಲ್ಲ, ಮಾವನೂ ಅವರಲ್ಲೊಬ್ಬರು. ಮರುಭೂಮಿಯ ಆ ಬಸ್ ಪ್ರಯಾಣದ ಕಥೆಯನ್ನು ಅವರ ಬಾಯಿಂದಲೇ ಎಷ್ಟು ಸಲ ಕೇಳಿದ್ದೇನೆ! ಆಮೇಲೆ ಮತ್ತೆ ಕುವೈತಿಗೆ ಹೋದರು ಅಂತಲೇ ನಾವೆಲ್ಲ ತಿಳಿದದ್ದು. ಮಾವ ಈಗಿಲ್ಲ. ಅತ್ತೆಗೆ ಫೋನ್ ಮಾಡಿದೆ.

"ಎಂತ ಕುವೈತ್ ಮಾರಾಯ" ಅಂದರು ಅತ್ತೆ. "ವಾಪಸ್ ಹೋಗ್ಲೇ ಇಲ್ಲ. ಮಾಟುಂಗದಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತಿದ್ರು, ನಾಲ್ಕು ವರ್ಷ. ಊರಲ್ಲಿ ಹೇಳ್ಬೇಡ ಅಂದಿದ್ರು. ನಿಂಗೆ ಸೈಕಲ್ ತರ್ತೇನೆ ಅಂತ ಯುದ್ಧಕ್ಕೆ ಮೊದ್ಲೇ ಮಾತು ಕೊಟ್ಟಾಗಿತ್ತಲ್ಲ. ಚೋರ್ ಬಜಾರಲ್ಲಿ ತಗೊಂಡು ಹಸಿರು ಪೇಂಟ್ ಹೊಡೆಸಿದ್ರು. ಅಂಗಡಿಯವ ಇಂಗ್ಲೆಂಡ್ ಸೈಕಲ್ ಅಂದನಂತೆ. ದುಡ್ಡು ಜಾಸ್ತಿ ಕೇಳ್ಲಿಕ್ಕೆ ಹಾಗೆ ಹೇಳ್ತಾನೆ ಅಂತ ಇವರು ನಂಬ್ಲಿಲ್ಲ."

"ಅತ್ತೆ, ಅದು ಇಂಗ್ಲೆಂಡಿನದ್ದೇ. ನಂಬರ್ ಸಿಕ್ಕಿದೆ."

"ಹೌದಾ?"

ಸ್ವಲ್ಪ ಹೊತ್ತು ಮಾತಿಲ್ಲ. "ನೀನು ಫಾರಿನ್ ಸೈಕಲ್ ಅಂತ ಎಲ್ಲರಿಗೂ ತೋರಿಸುವಾಗ ಅವರು ಎದ್ದು ಒಳಗೆ ಹೋಗ್ತಿದ್ರು" ಅಂದರು.

ಮರುದಿನ ಫ್ರೇಮನ್ನು ನಾನಾ ಪೇಟೆಗೆ ಒಯ್ದೆ. ಈಗ ಮುದುಕನಿಗೂ ಉತ್ಸಾಹ. ಅಸಲಿ ನೀಲಿಯನ್ನೇ ಹೊಡೆಯೋಣ, ಬೆಲೆ ಬರುತ್ತದೆ ಅಂದ.

ಹಸಿರು ಹೊಡೆಯಿರಿ ಅಂದೆ.