ವಿಷ ಉಗುಳಿ ಗೆದ್ದ ಪಾಚಿ

ಸುಮಾರು 260 ಕೋಟಿ ವರ್ಷಗಳ ಹಿಂದೆ. ಇಂದಿನ ಚಿತ್ರದುರ್ಗ ಆಗ ಆಳವಿಲ್ಲದ ಕಡಲು. ಸೂರ್ಯನ ಬೆಳಕು ಇಂದಿಗಿಂತ ಐದರಲ್ಲೊಂದು ಪಾಲು ಕಡಿಮೆ. ಗಾಳಿಯಲ್ಲಿ ನೈಟ್ರೋಜನ್, ಮೀಥೇನ್, ಇಂಗಾಲದ ಡೈಆಕ್ಸೈಡ್. ಆಕ್ಸಿಜನ್ ಹೆಸರಿಗೂ ಇಲ್ಲ. ಓಜೋನ್ ಇಲ್ಲದ್ದರಿಂದ ಅತಿನೇರಳೆ ಕಿರಣ ನೇರ ಬಡಿಯುತ್ತದೆ, ಡಿಎನ್‌ಎ ಕೆಡಿಸುತ್ತದೆ. ಮೇಲೆ ಬಂದರೆ ಸುಟ್ಟು ಸಾವು. ಆಳಕ್ಕಿಳಿದರೆ ಬೆಳಕಿಲ್ಲದೆ ಸಾವು.

ಎರಡು ಸಾವುಗಳ ನಡುವಿನ ಆ ಸಂದಿಯಲ್ಲಿ ಒಂದು ಜೀವಿ ಕಾಲೂರಿತು. ಕಾಲೇ ಇಲ್ಲದ ಜೀವಿ!

ನೀಲಿ-ಹಸಿರು ಪಾಚಿ. ಕರೆಯುವುದು ಪಾಚಿಯೆಂದು, ಕುಲ ಬ್ಯಾಕ್ಟೀರಿಯಾದ್ದು. ಗಾತ್ರ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಹೊರಗಿನ ಕವಚ ಲೋಳೆಯದು. ಲೋಳೆ ಸುರಿಸಿತು, ಒಂದಕ್ಕೊಂದು ಅಂಟಿತು, ಹಾಲಿನ ಕೆನೆಯಂತೆ ತಳದ ಮೇಲೆ ಹರಡಿತು. ಅಲೆ ಅಪ್ಪಳಿಸಿತು. ಹೂಳು ಬಿದ್ದು ಬೆಳಕು ಮುಚ್ಚಿತು. ತೆವಳಿ ಮೇಲೆದ್ದಿತು. ಮತ್ತೆ ಹೂಳು, ಮತ್ತೆ ತೆವಳು. ಇಂದು ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಬದುಕಿರುವ ಇದರ ಬಳಗ ವರ್ಷಕ್ಕೆ ಅರ್ಧ ಮಿಲಿಮೀಟರೂ ಏರುವುದಿಲ್ಲ. ಆ ಲೆಕ್ಕದಲ್ಲಿ ಒಂದು ಗೇಣು ಹತ್ತಲು ಎಷ್ಟು ಶತಮಾನ ಬೇಕು, ನೀವೇ ಎಣಿಸಿ.

ಪದರದ ಮೇಲೆ ಪದರ ಸುಣ್ಣಕಲ್ಲಾಯಿತು. ಅದೇ ಸ್ಟ್ರೊಮ್ಯಾಟೊಲೈಟ್. 1980ರ ದಶಕದಲ್ಲಿ ಸಂಡೂರು, ದೊಡ್ಡಗುಣಿ, ಚಿತ್ರದುರ್ಗದ ವಾಣಿವಿಲಾಸ ಸ್ತರಗಳಲ್ಲಿ ಭೂವಿಜ್ಞಾನಿಗಳು ಇವನ್ನು ಪತ್ತೆಹಚ್ಚಿದರು. ಸಂಡೂರಿನ ಚರ್ಟ್ ಕಲ್ಲಿನೊಳಗೆ ಪಾಚಿಯನ್ನೇ ಹೋಲುವ ಎಳೆಗಳೂ ಸಿಕ್ಕವು.

ನೆಲೆಯೇನೋ ಆಯಿತು. ಹೊಟ್ಟೆಗೆ?

ಹಳೆಯ ಬ್ಯಾಕ್ಟೀರಿಯಾಗಳು ಆಹಾರ ತಯಾರಿಸಲು ಬೇಕಾದ ಎಲೆಕ್ಟ್ರಾನಿಗಾಗಿ ಹೈಡ್ರೋಜನ್, ಗಂಧಕದ ಅನಿಲ, ಕರಗಿದ ಕಬ್ಬಿಣವನ್ನು ನೆಚ್ಚಿದ್ದವು. ಸಿಕ್ಕಲ್ಲಿ ಊಟ, ಸಿಗದಲ್ಲಿ ಉಪವಾಸ. ಸುತ್ತ ನೀರೋ ನೀರು. ಆದರೆ ನೀರಿನ ಅಣು ಒಡೆಯುವುದು ಹುಡುಗಾಟವೇ?

ಪಾಚಿ ಒಡೆಯಿತು! ಸಲಕರಣೆ ನೋಡಿ: ನಾಲ್ಕು ಮ್ಯಾಂಗನೀಸ್ ಪರಮಾಣು, ಒಂದು ಕ್ಯಾಲ್ಸಿಯಂ, ಬೆಸೆಯಲು ಐದು ಆಕ್ಸಿಜನ್. ಬೆಳಕಿನ ಕಣ ಬಡಿದಾಗಲೆಲ್ಲ ಒಂದು ಎಲೆಕ್ಟ್ರಾನ್ ಕಳಚುತ್ತದೆ. ಒಂದು. ಎರಡು. ಮೂರು. ನಾಲ್ಕನೆಯ ಹೊಡೆತಕ್ಕೆ ಎರಡು ನೀರಿನ ಅಣು ಛಿದ್ರ. ಎಲೆಕ್ಟ್ರಾನ್ ಒಳಗೆ, ಆಕ್ಸಿಜನ್ ಹೊರಗೆ. ಇದನ್ನು ಇಷ್ಟು ಅಗ್ಗವಾಗಿ ಮಾಡಲು ನಮ್ಮ ಪ್ರಯೋಗಾಲಯಗಳು ಈಗಲೂ ಬೆವರುತ್ತಿವೆ.

ಊಟ ಅಕ್ಷಯವಾಯಿತು. ಬೆನ್ನಿಗೇ ವಿಷವೂ ಹುಟ್ಟಿತು.

ಅಂದಿನ ಜೀವಲೋಕಕ್ಕೆ ಆಕ್ಸಿಜನ್ ಅಪ್ಪಟ ವಿಷ. ಕೋಶದ ಪೊರೆ ಸುಡುತ್ತದೆ, ಕಿಣ್ವ ಕೆಡಿಸುತ್ತದೆ. ಮೊದಲ ಪೆಟ್ಟು ಉಗುಳಿದವರಿಗೇ. ಓಡಲು ಜಾಗವಿಲ್ಲ. ಕೈಗೆ ಸಿಕ್ಕ ಕಬ್ಬಿಣ, ಮ್ಯಾಂಗನೀಸನ್ನೇ ಹುದುಗಿಸಿಕೊಂಡ ಕಿಣ್ವಗಳು ವಿಷವನ್ನು ಹಿಡಿದು ಮುರಿದವು. ಅಂಥವೇ ಕಿಣ್ವಗಳು ಇಂದು ನಮ್ಮ ಯಕೃತ್ತಿನಲ್ಲೂ ದುಡಿಯುತ್ತಿವೆ.

ಒಳಗಿನ ಗಂಡಾಂತರ ಕಳೆಯಿತು. ಹೊರಗೆ ಕಡಲು ಬಾಯ್ತೆರೆದಿತ್ತು.

ನೀರಿನ ತುಂಬ ಕರಗಿದ ಕಬ್ಬಿಣ. ಆಕ್ಸಿಜನ್ ಹೊರಬಂದದ್ದೇ ತಡ, ಎಗರಿ ಹಿಡಿಯಿತು. ತುಕ್ಕಾಯಿತು, ತಳ ಸೇರಿತು. ಬಾಬಾಬುಡನ್, ಕುದುರೆಮುಖ, ಸಂಡೂರಿನಲ್ಲಿ ಕಾಣುವ ಕಬ್ಬಿಣ, ಸಿಲಿಕಾ, ಮತ್ತೆ ಕಬ್ಬಿಣದ ಪಟ್ಟಿಗಳು ಇಂಥ ಕಡಲುಗಳ ಗಸಿ. ಚಿತ್ರದುರ್ಗದ ಪಾಚಿಗಿಂತ ಹಳೆಯ ಪಟ್ಟಿಗಳೂ ಇವೆ. ಬೆಳಕು ಬಳಸಿ ಕಬ್ಬಿಣವನ್ನು ತಾವೇ ತುಕ್ಕಾಗಿಸುವ ಬೇರೆ ಬ್ಯಾಕ್ಟೀರಿಯಾಗಳ ಕೈವಾಡವೂ ಇಲ್ಲಿತ್ತೆಂದು ಹಲವರ ವಾದ. ಭದ್ರಾವತಿಯ ಕುಲುಮೆಗೆ ಕೆಮ್ಮಣ್ಣುಗುಂಡಿಯಿಂದ ಇಳಿದ ಅದಿರಿನ ಹಿಂದೆ ಈ ಕಾದಾಟವಿದೆ.

ಕಬ್ಬಿಣ ನುಂಗಿ ಉಳಿದದ್ದನ್ನು ಜ್ವಾಲಾಮುಖಿಯ ಅನಿಲಗಳು ನುಂಗಿದವು. ಕೋಟಿ ಕೋಟಿ ವರ್ಷ. ಪಾಚಿ ಉಗುಳುತ್ತಲೇ ಇತ್ತು.

ಸುಮಾರು 240 ಕೋಟಿ ವರ್ಷಗಳ ಹಿಂದೆ ತಕ್ಕಡಿ ವಾಲಿತು. ಗಾಳಿಯಲ್ಲಿ ಆಕ್ಸಿಜನ್ ನಿಂತಿತು. ಗೆದ್ದಿತು ಎನ್ನುವಷ್ಟರಲ್ಲಿ ಭೂಮಿಯೇ ಹೆಪ್ಪುಗಟ್ಟತೊಡಗಿತು!

ಬಿಸಿ ಹಿಡಿದಿಟ್ಟಿದ್ದ ಮೀಥೇನನ್ನು ಆಕ್ಸಿಜನ್ ತಿಂದುಹಾಕಿತು ಎಂಬುದು ಅನೇಕ ವಿಜ್ಞಾನಿಗಳ ವಿವರಣೆ. ಒಂದರ ಹಿಂದೊಂದು ಹಿಮಯುಗ. ಸಮಭಾಜಕದ ಹತ್ತಿರಕ್ಕೂ ಹಿಮ. ಪಾಚಿ ಅಲ್ಲಿಯೂ ಉಳಿಯಿತು. ಹಿಮ ಕರಗಿತು, ಓಜೋನ್ ಮೂಡಿತು.

ಇದನ್ನು ಬರಿಯ ವಿಜಯಗಾಥೆ ಎನ್ನಲು ನನಗೆ ಸಂಕೋಚ. ಆಕ್ಸಿಜನ್ ತಾಳಲಾರದೆ ಎಷ್ಟೋ ಜೀವಿಗಳು ಸತ್ತಿರಬೇಕು. ಉಳಿದವು ತಲೆಮರೆಸಿಕೊಂಡವು. ಎಲ್ಲಿ?

ಹೆಡತಲೆ ಎಂಬ ಊರಿಗೆ ಬನ್ನಿ. ನಂಜನಗೂಡು, ತಿ. ನರಸೀಪುರದ ಈ ಸೀಮೆಯಲ್ಲಿ ಭತ್ತದ ಗದ್ದೆಗೆ ನೀರು ನಿಲ್ಲಿಸಿದೊಡನೆ ಹಳೆಯ ಕಾದಾಟ ಹೊಸದಾಗಿ ಶುರು. ಮೇಲ್ನೀರಿನಲ್ಲಿ ಪಾಚಿ, ಆಕ್ಸಿಜನ್. ಕೆಸರಿನಲ್ಲಿ ಕೆಲವೇ ಮಿಲಿಮೀಟರ್ ಕೆಳಗೆ ಆಕ್ಸಿಜನ್ ಸೊನ್ನೆ. ಅಲ್ಲಿ ಆಕ್ಸಿಜನ್ ತಾಳದ, ಮೀಥೇನ್ ಉಗುಳುವ ಜೀವಿಗಳ ರಾಜ್ಯ.

ಪಾಚಿಗೂ ನೆಮ್ಮದಿಯಿಲ್ಲ. ನೈಟ್ರೋಜನ್ ಹಿಡಿಯುವ ಅದರ ಕಿಣ್ವ ಆಕ್ಸಿಜನ್ ತಾಗಿದರೆ ಹಾಳು. ಅದಕ್ಕೇ ಹಲವು ಬಗೆಯ ಪಾಚಿಗಳಲ್ಲಿ ಎಳೆಯ ನಡುನಡುವೆ ಕೆಲವು ಕೋಶಗಳು ಗೋಡೆ ದಪ್ಪಗೊಳಿಸಿ, ನೀರೊಡೆಯುವ ಯಂತ್ರ ನಿಲ್ಲಿಸಿ, ಒಳಗೆ ಕೂತು ನೈಟ್ರೋಜನ್ ಹಿಡಿಯುತ್ತವೆ. ಆಮೇಲೆ ಅವಕ್ಕೆ ಸಂತಾನವಿಲ್ಲ. ಗದ್ದೆಗೆ ಪಾಚಿ ನೈಟ್ರೋಜನ್ ಉಣಿಸುವುದನ್ನು ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ತೋರಿಸಿದರು.

ಕೊಯ್ಲು ಹತ್ತಿರ ಬಂತು. ರೈತ ನೀರು ಬಸಿದ. ಕೆಸರು ಬಿರಿಯಿತು, ಗಾಳಿ ನುಗ್ಗಿತು. ಮೀಥೇನ್ ಜೀವಿಗಳು ಚಟುವಟಿಕೆ ನಿಲ್ಲಿಸಿ, ಒಣಮಣ್ಣಿನಲ್ಲೇ ಮುದುಡಿದವು. ಸತ್ತಿಲ್ಲ. ಮುಂದಿನ ಬೆಳೆಗೆ ನೀರು ಹರಿದರೆ ಮತ್ತೆ ಎದ್ದು ಬರುತ್ತವೆ.