ಅಜ್ಜನ ಮನೆಯ ಮಣೆ, ಮೊಮ್ಮಗಳ ಗಿಟಾರ್

ಗಿಟಾರ್ ತಯಾರಿಸುವವರಿಗೆ ಮರ ಮಾರುವ ಅಂಗಡಿಗಳ ಪಟ್ಟಿಯನ್ನು ಯಾವಾಗಲಾದರೂ ನೋಡಿದ್ದೀರಾ? ಮೇಪಲ್, ಆಲ್ಡರ್, ಆ್ಯಶ್ ಇವೆಲ್ಲ ಒಂದು ಕಡೆ ಇರುತ್ತವೆ. ‘ಎಕ್ಸಾಟಿಕ್ ವುಡ್ಸ್’, ಅಂದರೆ ದೂರದೇಶದ ಅಪರೂಪದ ಮರಗಳು, ಬೇರೆ ಪುಟದಲ್ಲಿ ಇರುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ. ಆಫ್ರಿಕಾದ ಎಬೊನಿ, ಮಧ್ಯ ಅಮೆರಿಕದ ಕೋಕೊಬೋಲೊಗಳ ಸಾಲಿನಲ್ಲಿ ‘ಈಸ್ಟ್ ಇಂಡಿಯನ್ ರೋಸ್‌ವುಡ್’ ಎಂಬ ಹೆಸರೂ ಕಾಣುತ್ತದೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಮರ. ಮೈಸೂರಿನ ಕೆತ್ತನೆ ಕೆಲಸಕ್ಕೆ ಹೆಸರು ತಂದ ಮರ. ನನ್ನ ತವರುಮನೆಯ ಮುಂಬಾಗಿಲೂ ಅದರದ್ದೇ.

ಹತ್ತು ವರ್ಷದ ಮಗಳಿಗೆ ಆ ಪುಟ ತೋರಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ಅಜ್ಜನ ಮನೆ ಬಾಗಿಲು ಎಕ್ಸಾಟಿಕ್ಕಾ?”

ನಾವಿರುವುದು ಬಹ್ರೇನಿನಲ್ಲಿ. ನನ್ನ ಕೆಲಸ ಪ್ರಯೋಗಾಲಯದಲ್ಲಿ, ವಸ್ತುಗಳು ಬಿಸಿಗೆ, ತೇವಕ್ಕೆ ಹೇಗೆ ಹಿಗ್ಗುತ್ತವೆ, ಕುಗ್ಗುತ್ತವೆ ಎಂದು ಅಳೆಯುವುದು. ಮಗಳು ಎರಡು ವರ್ಷ ವೀಣೆ ಕಲಿತು, ಹೋದ ವರ್ಷ “ಇನ್ನು ಸಾಕು, ನನಗೆ ಎಲೆಕ್ಟ್ರಿಕ್ ಗಿಟಾರ್ ಬೇಕು” ಎಂದಳು. ನಿಮ್ಮ ಮನೆಯಲ್ಲೂ ಇಂಥ ಮಾತು ಬಂದಿರಬಹುದು. ಭರತನಾಟ್ಯ ಬಿಟ್ಟು ಹಿಪ್‌ಹಾಪ್, ಯಕ್ಷಗಾನ ಬಿಟ್ಟು ಫುಟ್‌ಬಾಲ್. ನನಗೆ ಅದು ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ದೊಡ್ಡದಾಗಿ ಕಂಡದ್ದು ಮಲೆನಾಡಿನ ಹಳ್ಳಿಯಲ್ಲಿರುವ ನನ್ನ ಅಪ್ಪಯ್ಯನಿಗೆ. ಅವರು ಬೈಯಲಿಲ್ಲ. ವೀಡಿಯೋ ಕರೆಯಲ್ಲಿ ಮೊಮ್ಮಗಳ ಹತ್ತಿರ “ಊಟ ಆಯ್ತಾ, ಶಾಲೆಗೆ ಹೋದ್ಯಾ” ಎಂಬಲ್ಲಿಗೆ ಮಾತು ನಿಲ್ಲಿಸಿದರು. ಮೊದಲಾದರೆ ಪ್ರತಿ ಭಾನುವಾರ ಅವಳಿಂದ ಒಂದು ಗೀತೆ ನುಡಿಸಿಕೊಂಡು ಕೇಳುತ್ತಿದ್ದವರು.

ಕಳೆದ ಬೇಸಿಗೆ ರಜೆಗೆ ಊರಿಗೆ ಹೋದಾಗ ಮಗಳು ಅಟ್ಟ ಹತ್ತಿ, ಧೂಳು ಹಿಡಿದ ಎಂಟು ಮಣೆಗಳನ್ನು ನೋಡಿದಳು. ಊಟಕ್ಕೆ ಮೇಜು ಬಂದಮೇಲೆ ಅವು ಅಟ್ಟ ಸೇರಿದ್ದವು. ಒಳ್ಳೆ ಚೇಗಿನ ಹಲಸು, ಒಂದೂವರೆ ಇಂಚಿಗಿಂತ ದಪ್ಪ, ಅಡಿಯಲ್ಲಿ ಮುತ್ತಜ್ಜನ ಹೆಸರಿನ ಎರಡು ಅಕ್ಷರ ಉಳಿಯಲ್ಲಿ ಕೊರೆದದ್ದು. “ಇದರಲ್ಲಿ ಗಿಟಾರ್ ಮಾಡಬಹುದಾ?” ಎಂದು ನೇರವಾಗಿ ಅಜ್ಜನನ್ನೇ ಕೇಳಿದಳು. ಆ ಮಣೆಗಳ ಮೇಲೆ ಕೂತು ನಮ್ಮ ಮನೆಯ ಮದುವೆ, ನಾಮಕರಣ, ತಿಥಿ ಎಲ್ಲ ನಡೆದಿವೆ. ಅಪ್ಪಯ್ಯ ಎದ್ದು ತೋಟಕ್ಕೆ ಹೋದರು.

ಎರಡು ದಿನ ಬಿಟ್ಟು ಒಂದು ಬೀಟೆ ಹಲಗೆ ತಂದು ನನ್ನ ಮುಂದಿಟ್ಟರು. “ಮಾಡುದೇ ಆದ್ರೆ ಇದ್ರಲ್ಲಿ ಮಾಡಿ. ಮಣೆ ಮುಟ್ಬೇಡಿ.”

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು, ಏಕೆಂದರೆ ಊರಿನಿಂದ ಮರದ ತುಂಡು ತರುವ ಆಸೆ ನಿಮಗೂ ಬರಬಹುದು. ಅಳಿವಿನ ಅಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ಸೈಟಿಸ್ ಎಂದು. ಬ್ರೆಜಿಲ್‌ನ ರೋಸ್‌ವುಡ್ 1992ರಲ್ಲೇ ಅದರ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. ಆಮೇಲೆ ಗಿಟಾರ್ ಕಂಪನಿಗಳ ಕಣ್ಣು ಹೆಚ್ಚಾಗಿ ಬಿದ್ದದ್ದು ನಮ್ಮ ಬೀಟೆಯ ಮೇಲೆ. 2017ರ ಜನವರಿ 2ರಿಂದ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳೂ ನಿಯಂತ್ರಣಕ್ಕೆ ಒಳಪಟ್ಟವು. ಸಂಗೀತಗಾರರು ವಾದ್ಯ ಹಿಡಿದು ಗಡಿ ದಾಟುವುದೇ ಕಷ್ಟವಾದಾಗ, 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ಕೊಟ್ಟರು. ಹಲಗೆಗೆ ಆ ವಿನಾಯಿತಿ ಇಲ್ಲ. ಅಂದರೆ ಬೀಟೆ ಹಾಕಿದ ಗಿಟಾರನ್ನು ವಿಮಾನದಲ್ಲಿ ಒಯ್ಯಬಹುದು. ಬೀಟೆಯ ಹಲಗೆಯನ್ನು ಕಾಗದಪತ್ರವಿಲ್ಲದೆ ಒಯ್ಯುವಂತಿಲ್ಲ.

“ನಮ್ಮನೆ ಮರಕ್ಕೆ ಯಾರ ಅಪ್ಪಣೆ ಬೇಕೇ?” ಎಂದರು ಅಪ್ಪಯ್ಯ. ಆದರೆ ಅದರ ಉತ್ತರ ಅವರಿಗೇ ಚೆನ್ನಾಗಿ ಗೊತ್ತು. ಸ್ವಂತ ಜಮೀನಿನ ಬೀಟೆ ಕಡಿಯಲೂ ಅರಣ್ಯ ಇಲಾಖೆಯ ಬಾಗಿಲಿಗೆ ಅಲೆದವರು ಅವರು. ಹಲಗೆ ಒಳಗೆ ಹೋಯಿತು.

ನಾವು ಹೊರಡುವ ಹಿಂದಿನ ದಿನ ಮಗಳು ಅವರ ಪಕ್ಕ ಕೂತು ಕೇಳಿದಳು, “ಅಜ್ಜಾ, ನನ್ನ ವೀಣೆ ಯಾವ ಮರ?” “ಹಲಸು” ಎಂದರು. ದಕ್ಷಿಣದ ವೀಣೆಗಳಿಗೆ ಹೆಚ್ಚಾಗಿ ಹಲಸೇ. ಮೃದಂಗಕ್ಕೂ ಅದೇ. “ಹಾಗಾದ್ರೆ ಗಿಟಾರಿಗೂ ಆಗುತ್ತಲ್ಲ” ಎಂದಳು. ಅವರು ಮಾತಾಡಲಿಲ್ಲ. ರಾತ್ರಿ ಊಟವಾದಮೇಲೆ ಅಟ್ಟದಿಂದ ಎರಡು ಮಣೆ ಇಳಿಸಿ, ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ ನಮ್ಮ ಸೂಟ್‌ಕೇಸಿನ ಹತ್ತಿರ ಇಟ್ಟಿದ್ದರು.

ಮಣೆ ತಂದ ಮರುದಿನವೇ ಗರಗಸ ಹಾಕುವಂತಿಲ್ಲ. ಮಲೆನಾಡಿನ ಅಟ್ಟದಲ್ಲಿದ್ದ ಮರ ಮಳೆಗಾಲದ ತೇವವನ್ನೆಲ್ಲ ಹೀರಿಕೊಂಡಿರುತ್ತದೆ. ಬಹ್ರೇನಿನಲ್ಲಿ ಆಗಸ್ಟ್ ತಿಂಗಳು ಹೊರಗೆ ಕನ್ನಡಕ ಮಂಜಾಗುವಷ್ಟು ತೇವ, ಒಳಗೆ ಎ.ಸಿ.ಯ ಒಣ ಗಾಳಿ. ಮರ ತೇವ ಕಳೆದುಕೊಂಡಾಗ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಅವಸರದಲ್ಲಿ ಅಂಟಿಸಿದರೆ ಆಮೇಲೆ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಇದಕ್ಕೆ ದುಬಾರಿ ಉಪಕರಣ ಏನೂ ಬೇಡ, ಅಡುಗೆಮನೆಯ ತಕ್ಕಡಿ ಸಾಕು. ಮಣೆಗಳನ್ನು ಗಾಳಿಯಾಡುವಂತೆ ನಿಲ್ಲಿಸಿ, ಪ್ರತಿ ಶುಕ್ರವಾರ ಮಗಳು ತೂಕ ಬರೆದಿಟ್ಟಳು. ಮೊದಲ ವಾರ ಒಂದು ಮಣೆ 3,120 ಗ್ರಾಂ. ಹತ್ತನೆಯ ವಾರದ ಹೊತ್ತಿಗೆ 2,970. ಮುಂದೆ ಮೂರು ವಾರ ಮುಳ್ಳು ಕದಲಲಿಲ್ಲ. 150 ಗ್ರಾಂ ಮಲೆನಾಡಿನ ಮಳೆ ನಮ್ಮ ಮನೆಯ ಗಾಳಿಗೆ ಸೇರಿತ್ತು. ಗ್ರಾಫ್ ಎಂದರೆ ಏನು, ಅದು ಏಕೆ ಚಪ್ಪಟೆಯಾಗುತ್ತದೆ ಎಂದು ಅವಳಿಗೆ ನಾನು ಬೇರೆ ಪಾಠ ಹೇಳಬೇಕಾಗಲಿಲ್ಲ.

ಮರಗೆಲಸಕ್ಕೆ ಸಿಕ್ಕಿದವರು ಸಲ್ಮಾಬಾದ್‌ನ ಒಂದು ಬಡಗಿ ಕಾರ್ಖಾನೆಯಲ್ಲಿರುವ ಉಡುಪಿ ಕಡೆಯ ಆಚಾರ್ರು. ಇಲ್ಲಿಗೆ ಬಂದು ಇಪ್ಪತ್ತು ವರ್ಷ, ಅಷ್ಟೂ ಕಾಲ ಕಚೇರಿಗಳಿಗೆ ಕಪಾಟು ಮಾಡಿದವರು. ಮಣೆಯನ್ನು ಬೆರಳಲ್ಲಿ ತಟ್ಟಿ, ಮೂಸಿ, “ಅಕ್ಕಾ, ಇಲ್ಲಿ ಹಲಸು ಮುಟ್ಟದೆ ಎಷ್ಟು ವರ್ಷ ಆಯ್ತು!” ಎಂದರು. ಗಿಟಾರ್ ಅವರು ಯಾವತ್ತೂ ಮಾಡಿದವರಲ್ಲ. ನಾನು ಅಳತೆಗೆ ಸರಿಯಾಗಿ ರಟ್ಟಿನಲ್ಲಿ ಆಕಾರ ಕತ್ತರಿಸಿ ಕೊಟ್ಟೆ. ಅವರು ಮಣೆಗಳ ಅಡಿಪಟ್ಟಿ ತೆಗೆದು, ಅಂಚು ಹತ್ತರಿ ಹಿಡಿದು, ಎರಡನ್ನೂ ಅಂಟಿಸಿದರು. ರಟ್ಟನ್ನು ಅತ್ತ ಇತ್ತ ಸರಿಸಿ ನೋಡಿ, ಮುತ್ತಜ್ಜನ ಅಕ್ಷರಗಳು ಗಿಟಾರಿನ ಬೆನ್ನಿಗೆ ಬರುವಂತೆ ಕೂರಿಸಿದ್ದು ಅವರೇ. ನಾವು ಯಾರೂ ಹೇಳಿರಲಿಲ್ಲ.

ಕುತ್ತಿಗೆಯ ಭಾಗವನ್ನು, ಅಂದರೆ ನೆಕ್ ಅನ್ನು, ಸಿದ್ಧವಾದದ್ದೇ ತರಿಸಿದೆವು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆಯೂ ಅದೇ. ಸಾಮಾನ್ಯ ಗಿಟಾರಿನ ಆರು ತಂತಿಗಳು ಒಟ್ಟಾಗಿ ಸುಮಾರು 45 ಕೆ.ಜಿ. ಬಲದಿಂದ ಎಳೆಯುತ್ತವೆ. ಆ ಎಳೆತಕ್ಕೆ ಬಾಗದ ಹಾಗೆ, ಒಳಗೆ ಉಕ್ಕಿನ ಸರಳು ಕೂರಿಸಿ ನೆಕ್ ಮಾಡುವುದು ಅನುಭವಿಗಳ ಕೆಲಸ. ಪೆಟ್ಟಿಗೆ ತೆರೆದಾಗ ಮೇಪಲ್ ಮೇಲೆ ಕಡುಕಂದು ಪಟ್ಟಿ. ಚೀಟಿಯಲ್ಲಿ ‘ಇಂಡಿಯನ್ ರೋಸ್‌ವುಡ್’ ಎಂದಿತ್ತು. ಅಪ್ಪಯ್ಯನ ಬೀಟೆ ನಮ್ಮೊಂದಿಗೆ ಬರಲಿಲ್ಲ, ಬೇರೆ ಯಾರದೋ ತೋಟದ ಬೀಟೆ ಜಗತ್ತು ಸುತ್ತಿ ನಮ್ಮ ಮನೆಗೆ ಬಂತು.

ಮಕ್ಕಳೊಂದಿಗೆ ಮಾಡುವಾಗ ಅತ್ಯಂತ ಖುಷಿಯ ಭಾಗ ಲೆಕ್ಕದ್ದು. ನಮ್ಮ ಗಿಟಾರಿನ ತಂತಿಯ ಉದ್ದ 648 ಮಿ.ಮೀ. ಇದನ್ನು 17.817ರಿಂದ ಭಾಗಿಸಿದರೆ 36.4 ಬರುತ್ತದೆ. ಮೊದಲ ಫ್ರೆಟ್ ಅಷ್ಟು ದೂರದಲ್ಲಿ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು, ಇನ್ನೂ 34.3 ಮಿ.ಮೀ. ಮುಂದೆ. ಹೀಗೆ ಹನ್ನೆರಡು ಸಲ ಮಾಡಿದರೆ ಸರಿಯಾಗಿ ಅರ್ಧಕ್ಕೆ, 324 ಮಿ.ಮೀ.ಗೆ ಬಂದು ನಿಲ್ಲುತ್ತೀರಿ. ಅಲ್ಲಿ ಒತ್ತಿದರೆ ಮೇಲಿನ ಷಡ್ಜ. ಆದ್ದರಿಂದ ತಂತಿ ಕೂರುವ ಬ್ರಿಡ್ಜನ್ನು ಹನ್ನೆರಡನೆಯ ಫ್ರೆಟ್‌ನಿಂದ ಮತ್ತೆ 324 ಮಿ.ಮೀ. ದೂರದಲ್ಲಿ ಕೂರಿಸಬೇಕು, ಜೊತೆಗೆ ತಂತಿಯ ದಪ್ಪಕ್ಕೆ ತಕ್ಕಂತೆ ಒಂದೆರಡು ಮಿ.ಮೀ. ಹೊಂದಾಣಿಕೆ. ಮಗಳು ಟೇಪು ಹಿಡಿದಿದ್ದವಳು ಥಟ್ಟನೆ, “ವೀಣೆಯಲ್ಲೂ ಹನ್ನೆರಡನೇ ಮೆಟ್ಟಿಲೇ ಮೇಲಿನ ಸ!” ಎಂದಳು. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕಿವಿಯಿಂದಲೇ ಕೂರಿಸುತ್ತಾರೆ, ಇಲ್ಲಿ ಲೆಕ್ಕದಿಂದ. ಎರಡು ವರ್ಷದ ವೀಣೆ ಪಾಠ ಎಲ್ಲಿಗೂ ಹೋಗಿರಲಿಲ್ಲ, ಅವಳ ಬೆರಳಲ್ಲೇ ಇತ್ತು.

ಒಂದು ವಿಷಯ ವಿಜ್ಞಾನಿಯಾಗಿ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿನ ಸ್ವರವನ್ನು ಮರ ಎಷ್ಟು ಬದಲಿಸುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದು ಕೇಳುವುದು ತಂತಿಯನ್ನು, ಮರವನ್ನಲ್ಲ. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಕಂಪನಿಯ ‘ಫ್ರೈಯಿಂಗ್ ಪ್ಯಾನ್’ ಗಿಟಾರಿನಲ್ಲಿ ಮರವೇ ಇರಲಿಲ್ಲ, ಅದು ಎರಕದ ಅಲ್ಯೂಮಿನಿಯಂ. ಹಾಗಾಗಿ ‘ಎಕ್ಸಾಟಿಕ್’ ಮರಕ್ಕೆ ಸುರಿದ ಹಣವೆಲ್ಲ ಸ್ವರಕ್ಕೆ ಹೋಗುತ್ತದೆ ಎಂದು ನಂಬಬೇಡಿ. ಒಣಗಿದ, ನೇರವಾದ, ಗಟ್ಟಿ ಮರ ಯಾವುದಾದರೂ ನಡೆಯುತ್ತದೆ. ನಿಮ್ಮ ಮನೆಯ ಮರವಾದರೆ ಅದರ ಲಾಭವೇ ಬೇರೆ.

ಕೆಲಸ ಹಂಚುವಾಗ ಇಷ್ಟು ನೆನಪಿರಲಿ. ಗರಗಸ, ರೌಟರ್ ದೊಡ್ಡವರಿಗೆ. ತೂಕ, ಅಳತೆ, ಉಪ್ಪುಕಾಗದದ ಉಜ್ಜಾಟ, ಎಣ್ಣೆ ಹಚ್ಚುವುದು ಮಕ್ಕಳಿಗೆ. ಬೀಟೆಯಂಥ ಮರಗಳ ಪುಡಿ ಕೆಲವರಿಗೆ ಚರ್ಮದ, ಉಸಿರಿನ ಅಲರ್ಜಿ ತರುತ್ತದೆ, ಮಾಸ್ಕ್ ಬೇಕೇ ಬೇಕು. ಬೆಸುಗೆಗೆ ಸೀಸವಿಲ್ಲದ ತಂತಿ ಕೊಳ್ಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಈ ಸೆಕೆಯಲ್ಲಂತೂ ಬಿಡಿಸಿ ಹರಡಿ, ಒಣಗಿದ ಮೇಲೆಯೇ ಬಿಸಾಡಿ.

ಎಣ್ಣೆ ಕುಡಿದ ಹಲಸು ಜೇನಿನ ಬಣ್ಣಕ್ಕೆ ತಿರುಗಿತು. ಒಣಗಲು ಬಿಟ್ಟ ವಾರ ನಾವು ಮರುಭೂಮಿಯಲ್ಲಿರುವ ‘ಜೀವವೃಕ್ಷ’ ನೋಡಲು ಹೋದೆವು. ನೀವು ಬಹ್ರೇನಿಗೆ ಬಂದರೆ ಎಲ್ಲರೂ ಮೊದಲು ಕರೆದೊಯ್ಯುವ ಜಾಗ ಅದು. ಸುತ್ತ ಬೇರೆ ಹಸಿರಿಲ್ಲದ ಮರಳಿನಲ್ಲಿ ಸುಮಾರು ನಾನೂರು ವರ್ಷದಿಂದ ಒಂಟಿಯಾಗಿ ನಿಂತ ಮರ. ಪ್ರವಾಸಿಗಳಿಗೆ ಅದು ವಿಸ್ಮಯ. ಫಲಕದಲ್ಲಿರುವ ಸಸ್ಯಶಾಸ್ತ್ರದ ಹೆಸರು ಪ್ರೊಸೋಪಿಸ್ ಸಿನೆರೇರಿಯಾ. ಅಂದರೆ ಬನ್ನಿ ಮರ, ದಸರೆಯಲ್ಲಿ ನಾವು ಎಲೆ ಹಂಚಿಕೊಳ್ಳುವ ಅದೇ ಬನ್ನಿ. ಮಗಳು ಸ್ವಲ್ಪ ಹೊತ್ತು ನೋಡಿ, “ಇದೂ ನಮ್ಮೂರಿನದ್ದಾ?” ಎಂದಳು. ಇಲ್ಲ, ಇದು ಇಲ್ಲಿಯದೇ, ನಮ್ಮಲ್ಲೂ ಇದೆ ಎಂದೆ. ಅವಳ ಬಗ್ಗೆಯೂ ಹಾಗೇ ಹೇಳಬಹುದು ಎಂದು ನನಗೆ ಅನ್ನಿಸಿತು, ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಸಂಗೀತದಲ್ಲೂ ಇದು ಹೊಸದಲ್ಲ. ಪಿಟೀಲು ಯುರೋಪಿನಿಂದ ಬಂದದ್ದು, ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನಮ್ಮದು ಮಾಡಿದರು. ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೋಫೋನಿನಲ್ಲಿ ರಾಗಾಲಾಪನೆ ಮಾಡಿ ತೋರಿಸಿದರು. ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿ ವಾದ ಗೆಲ್ಲಬಹುದಿತ್ತು. ಆದರೆ ಅವರ ಬೇಸರ ವಾದ್ಯದ ಬಗ್ಗೆ ಇರಲಿಲ್ಲ. ಮೊಮ್ಮಗಳ ಜೊತೆ ಭಾನುವಾರ ಮಾತಾಡಲು ಇದ್ದ ಒಂದೇ ವಿಷಯ ಹೋಯಿತಲ್ಲ ಎಂಬುದು.

ತಂತಿ ಕಟ್ಟಿದ ಭಾನುವಾರ ಮಗಳು ಅವರಿಗೆ ಕರೆ ಮಾಡಿದಳು. ಮೊದಲು ಬೆನ್ನು ತಿರುಗಿಸಿ ಮುತ್ತಜ್ಜನ ಅಕ್ಷರ ತೋರಿಸಿದಳು. ಆಮೇಲೆ ವೀಣೆಯಲ್ಲಿ ಕಲಿತಿದ್ದ ಗೀತೆಯೊಂದನ್ನು ಒಂದೇ ತಂತಿಯ ಮೇಲೆ ತಡವರಿಸುತ್ತ ನುಡಿಸಿದಳು. ಅಪ್ಪಯ್ಯ ಹೊಗಳಲಿಲ್ಲ. ಎಷ್ಟು ತೂಕ ಇದೆ, ಅಂಟು ಯಾವುದು, ಮಣೆಯ ಉಳಿದ ಚೂರು ಏನು ಮಾಡಿದಿರಿ ಎಂದು ವಿಚಾರಿಸಿದರು. ಮಗಳು ತೂಕದ ಪುಸ್ತಕ ತಂದು ಹದಿಮೂರು ವಾರದ ಲೆಕ್ಕ ಓದಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಹೇಳಿದರು:

“ಮಳೆಗಾಲದಲ್ಲಿ ತರ್ಬೇಡ ಮಗಾ, ಮತ್ತೆ ಉಬ್ತದೆ. ದೀಪಾವಳಿಗೆ ತಗೊಂಡು ಬಾ.”

ದೀಪಾವಳಿಗೆ ಟಿಕೆಟ್ ನೋಡುತ್ತಿದ್ದೇವೆ.