ನೆಲಮಹಡಿ ಕಾರಿಗೆ ಮೀಸಲು

ಕ್ಯಾಲಿಫೋರ್ನಿಯಾದ ಬರ್ಕ್ಲಿ, ಓಕ್ಲೆಂಡ್ ಕಡೆ ಬಾಡಿಗೆ ಕಡಿಮೆ ಇರುವ ಮನೆ ಬೇಕೆಂದು ಹೊರಟರೆ ನೀವು ಹೋಗಿ ನಿಲ್ಲುವುದು 1950–60ರ ದಶಕದಲ್ಲಿ ಕಟ್ಟಿದ ಎರಡು-ಮೂರು ಅಂತಸ್ತಿನ ಅಪಾರ್ಟ್‌ಮೆಂಟುಗಳ ಮುಂದೆ. ಆ ಕಾಲದಲ್ಲಿ ಕಟ್ಟಿದವರಿಗೆ ಮನುಷ್ಯರಿಗಿಂತ ಕಾರಿನ ಮೇಲೆ ಅಕ್ಕರೆ ಜಾಸ್ತಿ. ಎಷ್ಟೋ ಕಟ್ಟಡಗಳಲ್ಲಿ ನೆಲಮಹಡಿಯನ್ನು ಕಾರು ನಿಲ್ಲಿಸಲು ಬಿಟ್ಟು, ತೆಳ್ಳನೆಯ ಕಂಬಗಳ ಮೇಲೆ ಮನೆಗಳನ್ನು ಕೂರಿಸಿದ್ದಾರೆ. ಲಿಫ್ಟ್ ಇಲ್ಲ, ಪಕ್ಕದಲ್ಲೊಂದು ಮೆಟ್ಟಿಲು. 1989 ಮತ್ತು 1994ರ ಭೂಕಂಪಗಳಲ್ಲಿ ಇಂಥ ಕಂಬಗಳು ಮಡಚಿಕೊಂಡು ಬಿದ್ದವು. ಆಮೇಲೆ ಹಲವು ನಗರಸಭೆಗಳು ಕಂಬ ಗಟ್ಟಿ ಮಾಡಿಸಬೇಕೆಂದು ಕಟ್ಟಳೆ ತಂದವು. ಮೆಟ್ಟಿಲು ಹಾಗೇ ಉಳಿಯಿತು. ಒಟ್ಟಿನಲ್ಲಿ ಈ ಊರಲ್ಲಿ ನೆಲಮಹಡಿ ಸಿಗುವುದು ವಾಹನಕ್ಕೆ. ಹಾಗಾಗಿ ನಾನು ವಾಹನದೊಳಗೇ ಸೇರಿಕೊಂಡೆ.

ನನ್ನ ಊರು ತಿಪಟೂರಿನ ಪಕ್ಕ. ಪೋಲಿಯೊ ಹನಿ ನಮ್ಮ ಹಳ್ಳಿಗೆ ಬರುವ ಮೊದಲೇ ಹುಟ್ಟಿಬಿಟ್ಟೆ. ಎಳವೆಯಲ್ಲಿ ಜ್ವರ ಬಂತು, ಹೋಯಿತು. ಹೋಗುವಾಗ ಎಡಗಾಲಿನ ಕಸುವನ್ನೂ ಕರೆದುಕೊಂಡು ಹೋಯಿತು. ಕ್ಯಾಲಿಪರ್ ಕಟ್ಟಿಕೊಂಡೇ ಓದಿದೆ, ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ಇಸವಿ 2000 ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಲೋಕವೆಲ್ಲ ಹೆದರಿದ್ದಾಗ ಅಮೆರಿಕಕ್ಕೆ ಬಂದೆ. ಕಂಪ್ಯೂಟರುಗಳು ಕೆಡಲಿಲ್ಲ, ನನ್ನ ಬಲಗಾಲು ಕೆಟ್ಟಿತು. ಇಷ್ಟು ವರ್ಷ ಎರಡು ಕಾಲಿನ ಕೆಲಸವನ್ನು ಒಂದೇ ಮಾಡಿದರೆ ಅದಕ್ಕೂ ಸುಸ್ತಾಗುತ್ತದಲ್ಲ! ವೈದ್ಯರು ಇದನ್ನು ಪೋಸ್ಟ್ ಪೋಲಿಯೊ ಸಿಂಡ್ರೋಮ್ ಅನ್ನುತ್ತಾರೆ. ರೋಗ ವಾಸಿಯಾದ ಹಲವು ದಶಕಗಳ ನಂತರ ಸ್ನಾಯುಗಳು ಮತ್ತೆ ಸೋಲುವುದು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾದಾಗ ನಾನು ಗಾಲಿಕುರ್ಚಿಯಲ್ಲಿ ಕೂತು ಆ ಸುದ್ದಿ ಓದಿದೆ. ದೇಶ ಬಿಟ್ಟ ರೋಗ ನನ್ನೊಬ್ಬನ ಹತ್ತಿರ ಹಳೇ ಬಾಕಿ ವಸೂಲಿಗೆ ಬಂದ ಸಾಹುಕಾರನ ಹಾಗೆ ಕೂತಿತ್ತು.

ಕೆಲಸ ಬಿಡಬೇಕಾಯಿತು. ದುಡಿದ ವರ್ಷಗಳ ಲೆಕ್ಕದಲ್ಲಿ ಸೋಶಿಯಲ್ ಸೆಕ್ಯುರಿಟಿಯಿಂದ ಅಂಗವೈಕಲ್ಯದ ಹಣ ತಿಂಗಳು ತಿಂಗಳು ಬರುತ್ತದೆ. ಅದು ಊಟಕ್ಕೆ, ಔಷಧಿಗೆ, ಪೆಟ್ರೋಲಿಗೆ ಸಾಕು, ಬಾಡಿಗೆಗೆ ಸಾಲದು. ನಾನಿದ್ದ ಮನೆ ಕೈ ಬದಲಾಯಿತು. ಹೊಸ ಮಾಲೀಕರು ಬಹಳ ಮರ್ಯಾದಸ್ಥರು, ನೋಟಿಸನ್ನು ಒಳ್ಳೇ ಕಾಗದದ ಮೇಲೆ ಅಚ್ಚು ಹಾಕಿಸಿದ್ದರು.

ವ್ಯಾನು ಆಗಲೇ ನನ್ನ ಬಳಿ ಇತ್ತು. ಫೋರ್ಡ್‌ನ ಉದ್ದನೆಯ ಹಳೇ ವ್ಯಾನು. ಬಲಬದಿಯ ಬಾಗಿಲು ತೆಗೆದರೆ ಒಳಗಿನಿಂದ ಕಬ್ಬಿಣದ ಹಲಗೆ ಮಡಿಕೆ ಬಿಚ್ಚಿಕೊಂಡು ನೆಲಕ್ಕಿಳಿಯುತ್ತದೆ, ಕುರ್ಚಿಯ ಸಮೇತ ನನ್ನನ್ನು ಎತ್ತಿಕೊಳ್ಳುತ್ತದೆ. ಎತ್ತುವಾಗ ಅದು ನರಳುವ ಸದ್ದು ಕೇಳಿ ದಾರಿಹೋಕರು ನಿಂತು ನೋಡುತ್ತಾರೆ. ಈ ಹಲಗೆಯ ಚರಿತ್ರೆ ನನಗೆ ಬಾಯಿಪಾಠ.

ಇಂಡಿಯಾನಾ ರಾಜ್ಯದ ವಿನಮ್ಯಾಕ್ ಎಂಬ ಸಣ್ಣ ಊರಿನಲ್ಲಿ 1940ರಲ್ಲಿ ರಾಲ್ಫ್ ಬ್ರಾನ್ ಎಂಬಾತ ಹುಟ್ಟಿದ. ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಸ್ನಾಯು ಸವೆಯುವ ಕಾಯಿಲೆ. ಹದಿಹರೆಯದಲ್ಲೇ ಗಾಲಿಕುರ್ಚಿ ಹಿಡಿದ. 1960ರ ದಶಕದ ಮೊದಲಲ್ಲಿ ತನಗಾಗಿ ಬ್ಯಾಟರಿಯ ಮೂರು ಗಾಲಿಯ ಸ್ಕೂಟರೊಂದನ್ನು ತಾನೇ ಮಾಡಿಕೊಂಡು ಅದರ ಮೇಲೆ ಕೂತು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ. ಕಾರ್ಖಾನೆ ದೂರಕ್ಕೆ ಹೋಯಿತು. ಆಗ ಹಳೆಯ ಅಂಚೆ ಜೀಪೊಂದನ್ನು ಹಿಡಿದು ಅದಕ್ಕೆ ಎತ್ತುವ ಹಲಗೆ ಕೂರಿಸಿದ. ಡಾಜ್ ಕಂಪನಿ ದೊಡ್ಡ ವ್ಯಾನು ತಂದಾಗ ಹಲಗೆ ಅದಕ್ಕೆ ವರ್ಗವಾಯಿತು. ನೋಡಿದವರೆಲ್ಲ ನನಗೊಂದು, ನನಗೊಂದು ಎಂದರು. 1972ರಲ್ಲಿ ಅವನ ಹೆಸರಿನ ಕಂಪನಿಯೇ ಎದ್ದಿತು. 2013ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನ ಹಲಗೆ ಅಮೆರಿಕದ ಊರೂರಿನಲ್ಲಿ ಏರಿಳಿಯುತ್ತಿತ್ತು. ಇದರಲ್ಲಿ ಸಮಾಜಸೇವೆ ಗಿಮಾಜಸೇವೆ ಏನೂ ಇಲ್ಲ. ಮನುಷ್ಯನಿಗೆ ಕೆಲಸಕ್ಕೆ ಹೋಗಬೇಕಿತ್ತು, ದಾರಿ ಮಾಡಿಕೊಂಡ. ನನಗೆ ಅವನ ಮೇಲೆ ಇರುವ ಗೌರವಕ್ಕೆ ಅದೇ ಕಾರಣ. ಆದರೆ ಆ ಹಲಗೆ ಒಬ್ಬನನ್ನು ಮನೆಯಿಂದ ಕೆಲಸಕ್ಕೆ ಒಯ್ಯಲಿ ಎಂದು ಹುಟ್ಟಿದ್ದು. ಈಗ ಅದರ ಎರಡು ತುದಿಗಳೂ ನನಗಿಲ್ಲ, ನಡುವಿನ ಹಲಗೆ ಮಾತ್ರ ಇದೆ.

ವ್ಯಾನಿನಲ್ಲಿ ಬದುಕುವುದೆಂದರೆ ಸಮುದ್ರತೀರದಲ್ಲಿ ಹಿಂಬಾಗಿಲು ತೆಗೆದು ಕಾಫಿ ಕುಡಿಯುವುದು ಎಂದುಕೊಂಡವರು ಫೋನಿನ ಚಿತ್ರಗಳನ್ನು ಬಹಳ ನೋಡಿರುತ್ತಾರೆ. ನನ್ನ ಚಿಂತೆ ಬೇರೆ ತರಹದ್ದು. ಹಲಗೆ ಬಲಕ್ಕೇ ಇಳಿಯಬೇಕು, ಅಂದರೆ ಫುಟ್‌ಪಾತಿನ ಮೇಲೆ. ಅಲ್ಲಿ ಮರ, ಕಂಬ, ಕಸದ ಡಬ್ಬ ಯಾವುದೂ ಇರಬಾರದು. ರಾತ್ರಿ ಒಳ್ಳೇ ಜಾಗ ನೋಡಿಯೇ ನಿಲ್ಲಿಸಿರುತ್ತೇನೆ. ಬೆಳಗ್ಗೆ ಯಾರೋ ಹಳೇ ಸೋಫಾ ತಂದು ಬಾಗಿಲಿಗೆ ಸರಿಯಾಗಿ ಇಟ್ಟು, ಬೇಕಾದವರು ಒಯ್ಯಿರಿ ಎಂದು ಚೀಟಿ ಅಂಟಿಸಿರುತ್ತಾರೆ. ಒಯ್ಯುವ ಪುಣ್ಯಾತ್ಮ ಬರುವ ತನಕ ನಾನು ಒಳಗೇ. ಕುರ್ಚಿಯ ಬ್ಯಾಟರಿಗೆ ರಾತ್ರಿಯೆಲ್ಲ ಕರೆಂಟು ಬೇಕು, ವ್ಯಾನಿನಲ್ಲಿ ಅಷ್ಟು ಇಲ್ಲ; ಹಗಲು ಗ್ರಂಥಾಲಯದ ಗೋಡೆಗೆ ಪ್ಲಗ್ ಸಿಕ್ಕಿಸಿ ಕೂತು ಓದುತ್ತೇನೆ. ಅಲ್ಲಿನ ಸಿಬ್ಬಂದಿ ನನ್ನನ್ನು ದೊಡ್ಡ ವಿದ್ವಾಂಸನೆಂದು ತಿಳಿದಿದ್ದಾರೆ. ಶೌಚಾಲಯವೂ ಅಲ್ಲೇ. ಸಾರ್ವಜನಿಕ ಕಟ್ಟಡದಲ್ಲಿ ಗಾಲಿಕುರ್ಚಿ ತಿರುಗಲು 60 ಇಂಚು ವ್ಯಾಸದ ಜಾಗ ಬಿಡಬೇಕೆಂಬ ನಿಯಮ 1990ರ ಅಂಗವಿಕಲರ ಕಾಯಿದೆಯ ಫಲ. ಆ ಕಾಯಿದೆಗೆ ನಾನು ದಿನಾ ಬೆಳಗ್ಗೆ ಕೃತಜ್ಞ.

ವ್ಯಾನುವಾಸಿಗಳಲ್ಲಿ ಒಂದು ಶಾಸ್ತ್ರವಿದೆ: ಒಳಗೆ ಜನ ಇದ್ದಾರೆಂದು ಹೊರಗೆ ಗೊತ್ತಾಗಬಾರದು. ದೀಪ ಕಾಣಬಾರದು, ಸದ್ದಾಗಬಾರದು, ವಾಸನೆ ಬರಬಾರದು. ಮೊದಲೆರಡು ನನ್ನಿಂದ ಸಾಧ್ಯ. ಮೂರನೆಯದಕ್ಕೆ ಇಂಗು ಬಿಡಬೇಕು. ಸಣ್ಣ ಒಲೆಯ ಮೇಲೆ ಸಾಸಿವೆ ಸಿಡಿಸಿ, ಕರಿಬೇವು ಹಾಕಿ, ಚಿಟಿಕೆ ಇಂಗು ಬಿದ್ದಿತೆಂದರೆ ಬೀದಿಯ ಆ ತುದಿಯವರೆಗೆ ನನ್ನ ವಿಳಾಸ ಪ್ರಕಟವಾಗುತ್ತದೆ. ಒಮ್ಮೆ ಪೊಲೀಸರೊಬ್ಬರು ಕಿಟಕಿ ತಟ್ಟಿ, ಏನೋ ಸುಡುತ್ತಿದೆ, ಎಲ್ಲ ಸರಿಯಿದೆಯೇ ಎಂದು ಕೇಳಿದರು. ಚಿತ್ರಾನ್ನ ಎಂದೆ. ಅವರು ಅದನ್ನು ಬರೆದುಕೊಂಡರು. ಯಾವ ಕಲಮಿನ ಕೆಳಗೆ ಬರೆದುಕೊಂಡರೋ.

ಕಲಮುಗಳಿಗೇನೂ ಬರವಿಲ್ಲ. ಕ್ಯಾಲಿಫೋರ್ನಿಯಾದ ಬಹುತೇಕ ಊರುಗಳಲ್ಲಿ ಒಂದೇ ಜಾಗದಲ್ಲಿ 72 ಗಂಟೆ ಮೀರಿ ನಿಲ್ಲಿಸುವಂತಿಲ್ಲ, ನೀಲಿ ಅಂಗವಿಕಲ ಫಲಕ ತೂಗುಹಾಕಿದ್ದರೂ ಅಷ್ಟೆ. ವಾಹನದಲ್ಲಿ ವಾಸ ಮಾಡುವುದೇ ಅಪರಾಧವೆಂದು ಲಾಸ್ ಏಂಜಲೀಸ್ ನಗರ 1983ರಲ್ಲಿ ಕಾನೂನು ಮಾಡಿತ್ತು. ಕಾರಿನಲ್ಲಿ ಊಟ ಮಾಡಿದರೆ ವಾಸವೇ, ಮಳೆ ನಿಲ್ಲುವ ತನಕ ಒಳಗೆ ಕೂತರೆ ವಾಸವೇ ಎಂದು ಯಾರಿಗೂ ಸ್ಪಷ್ಟವಿರಲಿಲ್ಲ. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಇನ್ನೊಂದು ಕಡೆ, ಸಾಂತಾ ಬಾರ್ಬರಾದಲ್ಲಿ 2004ರಿಂದ ಚರ್ಚು, ಕಚೇರಿಗಳ ಪಾರ್ಕಿಂಗನ್ನು ರಾತ್ರಿ ಮಲಗುವವರಿಗೆ ಬಿಟ್ಟುಕೊಡುವ ಏರ್ಪಾಡಿದೆ. ಬೆಳಗಾದರೆ ಹೊರಡಬೇಕು, ಛತ್ರದಲ್ಲಿ ಇಳಿದುಕೊಂಡವರಂತೆ.

ಇನ್ನು ಮನೆ ಹುಡುಕುವ ಕಥೆ. ವಸತಿಯಲ್ಲಿ ತಾರತಮ್ಯ ತಡೆಯುವ ಕಾಯಿದೆಗೆ ಬಂದ 1988ರ ತಿದ್ದುಪಡಿಯ ಪ್ರಕಾರ, 1991ರ ಮಾರ್ಚ್ 13ರ ನಂತರ ವಾಸಕ್ಕೆ ತೆರೆದ, ನಾಲ್ಕು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಲ್ಲಿ ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು ಇರಲೇಬೇಕು. ಲಿಫ್ಟ್ ಇಲ್ಲದಿದ್ದರೆ ನೆಲಮಹಡಿಯ ಮನೆಗಳಿಗಾದರೂ. ಒಳ್ಳೆಯ ಕಾನೂನು. ಆದರೆ ಹೊಸ ಕಟ್ಟಡದ ಬಾಡಿಗೆ ಹೊಸದರಂತೆಯೇ ಇರುತ್ತದೆ. ಅಗ್ಗದ್ದು ಹಳೆಯದು, ಹಳೆಯದಕ್ಕೆ ಮೆಟ್ಟಿಲು. ಹಳೆಯದರಲ್ಲಿ ಇಳಿಜಾರು ಬೇಕಿದ್ದರೆ ಮಾಲೀಕ ತಡೆಯುವಂತಿಲ್ಲ. ಖಾಸಗಿ ಮನೆಯಾದರೆ ಖರ್ಚು ಬಾಡಿಗೆದಾರನದು. ಒಳಗಿರುವವರ ಬಾಡಿಗೆ ಏರಿಸಲು ರಾಜ್ಯದಲ್ಲಿ ಮಿತಿಯಿದೆ. ಖಾಲಿಯಾದ ಮನೆಗೆ ಎಷ್ಟು ಬೇಕಾದರೂ ಕೇಳಬಹುದು, 1995ರ ಕಾಯಿದೆ ಅದಕ್ಕೆ ಅವಕಾಶ ಕೊಟ್ಟಿದೆ. ನಾನು ಒಳಗಿರುವವನಲ್ಲ. ಹೊರಗಿನವನಿಗೆ ಅನ್ವಯಿಸುವುದು ಈ ಎರಡನೆಯ ನಿಯಮವೇ.

ಉಳಿದಿರುವುದು ಸೆಕ್ಷನ್ ಎಂಟು. 1974ರಲ್ಲಿ ಬಂದ ಬಾಡಿಗೆ ನೆರವಿನ ಯೋಜನೆ. ನಿಮ್ಮ ಆದಾಯದ ಸುಮಾರು ಶೇ 30 ನೀವು ಕೊಟ್ಟರೆ ಉಳಿದದ್ದನ್ನು ಒಂದು ಮಿತಿಯವರೆಗೆ ಸರ್ಕಾರ ಕೊಡುತ್ತದೆ. ಹಣಕ್ಕೆ ಮಿತಿಯಿರುವುದರಿಂದ ಅರ್ಹರೆಲ್ಲರಿಗೂ ಸಿಗುವುದಿಲ್ಲ. ಎಷ್ಟೋ ಊರುಗಳಲ್ಲಿ ಕಾಯುವ ಪಟ್ಟಿಯೇ ಮುಚ್ಚಿರುತ್ತದೆ. ತೆರೆದಾಗ ಪಟ್ಟಿಗೆ ಸೇರಲು ಲಾಟರಿ. ಬಹುಮಾನವೆಂದರೆ ಕ್ಯೂನಲ್ಲಿ ನಿಲ್ಲುವ ಹಕ್ಕು. ನೆರವಿನ ಚೀಟಿ, ಅಂದರೆ ಓಚರು, ಕೈಗೆ ಬಂದ ಮೇಲೂ ಮನೆ ಹುಡುಕಲು ಮೊದಲಿಗೆ ಕೊಡುವುದು ಕನಿಷ್ಠ 60 ದಿನ. ಅಂಗವಿಕಲರು ಕೇಳಿದರೆ ಗಡುವು ಹೆಚ್ಚಿಸುತ್ತಾರೆ, ಮೆಟ್ಟಿಲಿಲ್ಲದ ಮನೆ ಸಿಗುವುದು ಕಷ್ಟವೆಂದು ಅವರಿಗೂ ಗೊತ್ತು. ಓಚರು ಇದೆ ಎಂಬ ಕಾರಣಕ್ಕೆ ಮನೆ ಕೊಡುವುದಿಲ್ಲ ಎನ್ನುವುದು ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ತಪ್ಪು. ಅದಕ್ಕೇ ಈಗ ಯಾರೂ ಹಾಗೆನ್ನುವುದಿಲ್ಲ. ಈಗಷ್ಟೇ ಬೇರೆಯವರಿಗೆ ಹೋಯಿತು ಅನ್ನುತ್ತಾರೆ.

ಊರಿನಿಂದ ಅಕ್ಕ ಫೋನು ಮಾಡಿದಾಗೆಲ್ಲ ಒಂದೇ ಮಾತು. “ಸಾಕು ಬಾರೋ ಮರಿ, ಇಲ್ಲಿ ಮನೆ ಇಲ್ವಾ?” ಇದೆ. ಬೀದಿಯಿಂದ ಜಗಲಿಗೆ ಮೂರು ಮೆಟ್ಟಿಲು, ಜಗಲಿಯಿಂದ ಒಳಕ್ಕೆ ಮೊಣಕಾಲೆತ್ತರದ ಹೊಸ್ತಿಲು, ಬಚ್ಚಲು ಹಿತ್ತಲಲ್ಲಿ. ನಮ್ಮಜ್ಜಿ ಆ ಹೊಸ್ತಿಲಿಗೆ ದಿನಾ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ನನ್ನನ್ನು ಅದರ ಆಚೆಗೆ ಎತ್ತಿ ಇಳಿಸುತ್ತಿದ್ದವಳೂ ಅವಳೇ. ಸೋಶಿಯಲ್ ಸೆಕ್ಯುರಿಟಿ ಹಣ ತಿಪಟೂರಿಗೂ ಬರುತ್ತದೆ, ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಬರುವುದಿಲ್ಲ. ಇದನ್ನೆಲ್ಲ ವಿವರಿಸಿದರೆ ಅಕ್ಕ, “ಹೋಗ್ಲಿ, ವಿಳಾಸನಾದ್ರೂ ಕೊಡು, ಹಪ್ಪಳ ಕಳಿಸ್ತೀನಿ” ಅನ್ನುತ್ತಾಳೆ. ಕನ್ನಡ ಕೂಟದ ಸ್ನೇಹಿತರೊಬ್ಬರ ವಿಳಾಸ ಕೊಟ್ಟಿದ್ದೇನೆ. ಅರ್ಧ ಹಪ್ಪಳ ಅವರ ಮನೆಯಲ್ಲೇ ಖರ್ಚಾಗುತ್ತದೆ. ಅದು ವಿಳಾಸದ ಬಾಡಿಗೆ.

ಇದೆಲ್ಲ ನಡೆಯುತ್ತಿರುವುದು ಯಾವ ಊರಲ್ಲಿ ಅನ್ನುವುದೂ ಒಂದು ತಮಾಷೆ. 1962ರಲ್ಲಿ ಎಡ್ ರಾಬರ್ಟ್ಸ್ ಎಂಬ ಹುಡುಗ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ. ಅವನಿಗೂ ಪೋಲಿಯೊ, ಕತ್ತಿನ ಕೆಳಗೆ ಹೆಚ್ಚೇನೂ ಅಲುಗುತ್ತಿರಲಿಲ್ಲ, ರಾತ್ರಿ ಉಸಿರಾಡಲು ಕಬ್ಬಿಣದ ದೊಡ್ಡ ಉಸಿರುಪೆಟ್ಟಿಗೆ ಬೇಕಿತ್ತು. ಅಷ್ಟು ಭಾರದ ಪೆಟ್ಟಿಗೆ ಹಿಡಿಸುವ ಹಾಸ್ಟೆಲ್ ಇರಲಿಲ್ಲವಾಗಿ ಅವನನ್ನು ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಇರಿಸಿದರು. ಹಿಂದೆಯೇ ಇನ್ನಷ್ಟು ಗಾಲಿಕುರ್ಚಿಗಳು ಬಂದವು. ಓದು ಮುಗಿದ ಮೇಲೆ ಅವರ ಮುಂದೆ ನಿಂತ ಪ್ರಶ್ನೆ: ಆಸ್ಪತ್ರೆ ಬಿಟ್ಟು ಇರುವುದೆಲ್ಲಿ? 1972ರಲ್ಲಿ ಅವರು ಕಟ್ಟಿದ ಸ್ವತಂತ್ರ ಬದುಕಿನ ಕೇಂದ್ರ ಮಾಡುತ್ತಿದ್ದ ಕೆಲಸಗಳಲ್ಲಿ ಬಾಡಿಗೆ ಮನೆ ಹುಡುಕಿಕೊಡುವುದು, ಕುರ್ಚಿ ರಿಪೇರಿ, ವ್ಯಾನಿಗೆ ಹಲಗೆ ಕೂರಿಸುವುದು ಎಲ್ಲ ಇದ್ದವು. 1977ರಲ್ಲಿ ಅಂಗವಿಕಲರ ಹಕ್ಕಿನ ನಿಯಮಗಳಿಗೆ ಸಹಿ ಬೀಳಲೆಂದು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯಲ್ಲಿ ಮೂರು ವಾರಕ್ಕೂ ಮೇಲೆ ಧರಣಿ ಕೂತರು. ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಊಟ ತಂದುಕೊಟ್ಟರು. ಧರಣಿ ಕೂತವರ ತಂಡವೊಂದು ವಾಷಿಂಗ್ಟನ್ನಿಗೆ ಹೋದಾಗ ಗಾಲಿಕುರ್ಚಿ ಹತ್ತಿಸಲು ಬೇರೆ ವಾಹನವಿಲ್ಲದೆ, ಸಾಮಾನು ಸಾಗಿಸುವ ಮುಚ್ಚಿದ ಲಾರಿಯಲ್ಲಿ ಕತ್ತಲಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಊರು ಸುತ್ತಿದರು. ಸಹಿ ಬಿತ್ತು.

ಆಶ್ಬಿ ರೈಲು ನಿಲ್ದಾಣದ ಮೇಲೆ ರಾಬರ್ಟ್ಸ್ ಹೆಸರಿನ ಕಟ್ಟಡ 2010ರಲ್ಲಿ ತೆರೆಯಿತು. ಒಳಗೆ ಕೆಂಪು ಬಣ್ಣದ ಇಳಿಜಾರು ಸುರುಳಿ ಸುತ್ತಿಕೊಂಡು ಮಹಡಿಗೆ ಏರುತ್ತದೆ. ನನಗೆ ಅಲ್ಲಿ ಕೆಲಸವೇನೂ ಇಲ್ಲದಿದ್ದರೂ ಹೋಗಿ ಒಂದು ಸಲ ಹತ್ತಿ ಇಳಿಯುತ್ತೇನೆ. ಅಷ್ಟು ಚಂದದ ಏರು ಕಟ್ಟಬಲ್ಲ ಊರು, ಅದರ ಸುತ್ತಲ ಬೀದಿಗಳಲ್ಲಿ ನನ್ನಂಥವರ ಕೈಗೆಟುಕುವ ನೆಲಮಹಡಿ ಕಟ್ಟದೆ ಹೋದದ್ದು ಕೈಲಾಗದೆ ಅಲ್ಲ, ಬೇಕಿಲ್ಲದೆ.

ನನ್ನ ಹೆಸರು ಎರಡು ಊರುಗಳ ಸೆಕ್ಷನ್ ಎಂಟರ ಕಾಯುವ ಪಟ್ಟಿಯಲ್ಲಿದೆ. ಈ ಕಡೆ ಇರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ನಿಮಗೆ ಗೊತ್ತಿರುವವರ ಮನೆ ಖಾಲಿಯಿದ್ದರೆ, ದಯವಿಟ್ಟು ತಿಳಿಸಿ. ನೆಲಮಹಡಿ ಆಗಬೇಕು, ಬಾಗಿಲು 32 ಇಂಚಾದರೂ ತೆರೆಯಬೇಕು, ಓಚರು ಒಪ್ಪಬೇಕು. ಇಂಗಿನ ವಿಷಯ ಆಮೇಲೆ ಮಾತಾಡೋಣ.